ಮೇಲಿನ ನಾಕೆಯ ಕೊಂಬು

"ಅಕ್ಕೋರೇ, ನಮ್ಮ ಮನೆತನ ಈ ಊರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ," ಎಂದು ಇಂದುಮತಿ ನಾಡಗೌಡ ತನ್ನ ಪ್ರಶ್ನೆಯನ್ನು ಆರಂಭಿಸಿದಳು.

ಪ್ರಶ್ನೆಗಿಂತ ಮೊದಲು ಮನೆತನ ಬಂತು. ಕೋಟೆ ಬಾಗಿಲಿನ ಛತ್ರವನ್ನು ಅವಳ ಮುತ್ತಜ್ಜ ಕಟ್ಟಿಸಿದ್ದರು. ಅಜ್ಜ ಗೌರವ ನ್ಯಾಯಾಧೀಶರಾಗಿ ಸುತ್ತಲಿನ ಹಳ್ಳಿಗಳ ವ್ಯಾಜ್ಯ ಬಿಡಿಸಿದ್ದರು. ಊರಿನ ಹೆಣ್ಣುಮಕ್ಕಳ ಶಾಲೆಗೆ ಜಾಗ ಕೊಟ್ಟವಳು ಸೋದರತ್ತೆ. ಆ ಮನೆಯವರು ಒಂದು ಮಾತು ಹೇಳಿದರೆ ಅದಕ್ಕೆ ಎರಡನೆಯವರನ್ನು ಕರೆಸಿ ವಿಚಾರಿಸುವ ಪದ್ಧತಿ ಊರಿನಲ್ಲಿ ಇರಲೇ ಇಲ್ಲ. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದಳು.

ಎಸ್ತರ್ ಅಕ್ಕೋರು ಕುರ್ಚಿಯ ಬೆನ್ನಿಗೆ ಒರಗದೆ ಕುಳಿತು ಕೇಳಿದರು. ಛತ್ರದ ವಿಷಯ ಅವರಿಗೆ ತಿಳಿದಿತ್ತು. ಶಾಲೆಯ ಜಾಗದ ವಿಷಯವೂ ತಿಳಿದಿತ್ತು. ಆ ಶಾಲೆಯಲ್ಲಿ ಅವರ ತಾಯಿ ಕಲಿಸಿದ್ದರು. ಒಳ್ಳೆಯ ಮನೆತನವನ್ನು ಅವರು ಹಗುರಾಗಿ ಕಾಣುವವರಲ್ಲ. ಆದರೆ ಸರ್ವರ್‌ಗಳನ್ನು ನಡೆಸುವವರಿಗೆ ಪಾಠ ಹೇಳುತ್ತ ಕೂದಲು ನರೆಸಿಕೊಂಡವರು ಅವರು. ಯಂತ್ರದ ಪ್ರಶ್ನೆಗೆ ಮುತ್ತಜ್ಜ ಏಕೆ ಬರಬೇಕು ಎಂಬುದು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದ ಮಾತನ್ನು ತಾಳ್ಮೆಯಿಂದ ಕೇಳುವುದು ಅವರಿಗೆ ಎಂದೂ ಒಗ್ಗಿರಲಿಲ್ಲ.

"ಪ್ರಶ್ನೆ ಏನು?" ಎಂದರು.

ಪ್ರಶ್ನೆ ಏನೆಂದು ತಿಳಿಯಬೇಕಾದರೆ ಹಿಂದಿನ ವಾರ ನಡೆದದ್ದನ್ನು ಮೊದಲು ಹೇಳಬೇಕು.

ಆ ಜಿಲ್ಲೆಯ ರಕ್ತನಿಧಿಗಳ ದಾಸ್ತಾನಿನ ವಿವರವೆಲ್ಲ ಎರಡು ಸರ್ವರ್‌ಗಳಲ್ಲಿತ್ತು. ಒಂದು ಕೆರೆಯ ಬದಿಯ ಕಟ್ಟಡದಲ್ಲಿ, ಇನ್ನೊಂದು ಕೋಟೆಯೊಳಗಿನ ಕಟ್ಟಡದಲ್ಲಿ. ಕೆರೆಯದು ಮುಖ್ಯ ಸರ್ವರ್. ಯಾವ ಬಾಟಲಿ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಹೇಳುವ ಅಧಿಕಾರ ಅದರದು. ಕೋಟೆಯದು ಸ್ಟ್ಯಾಂಡ್‌ಬೈ. ಕೆರೆಯದು ನಿಂತುಹೋದರೆ ಹೊಣೆ ಹೊರುವುದಕ್ಕೆಂದು ಅದು ಸದಾ ಸಿದ್ಧವಾಗಿ ಕಾಯುತ್ತದೆ. ಹೊಣೆ ಹೀಗೆ ಕೈ ಬದಲಾಗುವುದನ್ನು ಫೇಲ್‌ಓವರ್ ಎನ್ನುತ್ತಾರೆ. ತಾನು ಬದುಕಿದ್ದೇನೆಂದು ಕೆರೆಯ ಸರ್ವರ್ ಕೋಟೆಯ ಸರ್ವರ್‌ಗೆ ಎಡೆಬಿಡದೆ ಒಂದು ಸಂಕೇತ ಕಳಿಸುತ್ತದೆ. ಅದರ ಹೆಸರು ಹಾರ್ಟ್‌ಬೀಟ್. ಇವೆರಡರ ಜೊತೆಗೆ ಅಂಚೆ ಕಚೇರಿಯ ಓಣಿಯಲ್ಲಿ ಮೂರನೆಯದೊಂದು ಸಣ್ಣ ಯಂತ್ರವಿತ್ತು. ಅದರಲ್ಲಿ ಯಾವ ದಾಸ್ತಾನಿನ ವಿವರವೂ ಇಲ್ಲ. ಎರಡು ಕಡೆಯ ಸಂಕೇತವನ್ನೂ ಕೇಳಿಸಿಕೊಂಡು ಕೂರುವುದಷ್ಟೇ ಅದರ ಕೆಲಸ. ಅದನ್ನು ಸಾಕ್ಷಿ ಎಂದು ಕರೆಯುತ್ತಿದ್ದರು.

ಕೋಟೆಯ ಸರ್ವರ್ ಇಂದುಮತಿಯ ಕೈಯಲ್ಲಿತ್ತು. ಕೆರೆಯದು ದಿಲ್‌ಶಾದ್ ನದಾಫಳ ಕೈಯಲ್ಲಿ. ಇಬ್ಬರೂ ಅಕ್ಕೋರ ಶಿಷ್ಯೆಯರೇ.

ಆ ದಿನ ಮಧ್ಯಾಹ್ನ ಕೋಟೆಯ ಪರದೆಯ ಮೇಲೆ ಕೆರೆಯ ಹಾರ್ಟ್‌ಬೀಟ್ ಕಾಣಲಿಲ್ಲ. ಇಂದುಮತಿ ದಿಲ್‌ಶಾದಳಿಗೆ ಫೋನು ಮಾಡಿದಳು. ಆ ಕಡೆಯ ಫೋನು ಎಂಗೇಜ್ ಬಂತು. ಮತ್ತೆ ಮಾಡಿದಳು, ಮತ್ತೆ ಎಂಗೇಜ್. ಸರ್ವರ್ ಸತ್ತಿದೆ, ಕಾಯಬೇಕಾದವಳು ಯಾರೊಂದಿಗೋ ಹರಟುತ್ತಿದ್ದಾಳೆ ಎಂದು ಅವಳು ತೀರ್ಮಾನಿಸಿದಳು. ಸಾಕ್ಷಿಯ ಉತ್ತರಕ್ಕೆ ಕಾಯಬೇಕು ಎಂದು ಪರದೆ ತೋರಿಸಿತು. ಅವಳು ಕಾಯಲಿಲ್ಲ. ಒತ್ತಾಯದ ಫೇಲ್‌ಓವರ್ ಮಾಡಿ ಹೊಣೆಯನ್ನು ಕೋಟೆಗೆ ತೆಗೆದುಕೊಂಡಳು.

ಕೆರೆಯ ಸರ್ವರ್ ಸತ್ತಿರಲಿಲ್ಲ. ಅದು ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ಸ್ವಲ್ಪ ಹೊತ್ತು ಜಿಲ್ಲೆಗೆ ಇಬ್ಬರು ಯಜಮಾನರಾದರು. ವಿರಳ ಗುಂಪಿನ ರಕ್ತದ ಒಂದೇ ಬಾಟಲಿಯನ್ನು ಕೆರೆ ಒಂದು ಆಸ್ಪತ್ರೆಗೆ ಕೊಟ್ಟಿತು, ಕೋಟೆ ಇನ್ನೊಂದಕ್ಕೆ ಕೊಟ್ಟಿತು. ಎರಡನೆಯ ಆಸ್ಪತ್ರೆಯಲ್ಲಿ ಆಗತಾನೆ ಹೆತ್ತ ಒಬ್ಬ ಹೆಂಗಸು ಬಾರದ ಬಾಟಲಿಗಾಗಿ ಕಾದಳು. ಪಕ್ಕದ ಜಿಲ್ಲೆಯಿಂದ ಬೇರೆ ಬಾಟಲಿ ಬಂದು ಅವಳ ಜೀವ ಉಳಿಯಿತು. ಅದು ಯಾರ ಜಾಣತನದಿಂದಲೂ ಅಲ್ಲ.

ಇಂದುಮತಿ ಮೇಲಿನವರಿಗೆ ವರದಿ ಕೊಟ್ಟಳು. ಕೆರೆಯ ಸರ್ವರ್ ಸತ್ತಿತ್ತು, ಕಾಯಬೇಕಾದವರು ಸ್ಥಾನದಲ್ಲಿರಲಿಲ್ಲ ಎಂದಳು. ನಾಡಗೌಡರ ಮಗಳ ಮಾತು. ಯಾರೂ ಮರುಪ್ರಶ್ನೆ ಹಾಕಲಿಲ್ಲ. ದಿಲ್‌ಶಾದಳನ್ನು ಕೆಲಸದಿಂದ ದೂರ ಇಟ್ಟರು. ಅವಳು ದಿನವೂ ಬಂದು ಕೆರೆಯ ಕಟ್ಟಡದ ಹೊರಗಿನ ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು. ಅವಳನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂದು ತೀರ್ಮಾನಿಸಲು ಈ ದಿನ ಮಧ್ಯಾಹ್ನ ಸಭೆ ಇತ್ತು. ಆ ಸಭೆಯಲ್ಲಿ ಮಾತಾಡಬೇಕಾದವಳು ಇಂದುಮತಿ. ಅದಕ್ಕೆ ಮೊದಲು ಅವಳು ಅಕ್ಕೋರ ಬಳಿ ಬಂದಿದ್ದಳು. ಬಂದದ್ದು ಕೇಳಿ ತಿಳಿಯುವುದಕ್ಕಿಂತ ಹೆಚ್ಚಾಗಿ ಬೆನ್ನು ತಟ್ಟಿಸಿಕೊಳ್ಳುವುದಕ್ಕೆ.

"ಸ್ಟ್ಯಾಂಡ್‌ಬೈ ಇರುವುದೇ ಮುಖ್ಯ ಸರ್ವರ್ ಸತ್ತಾಗ ಹೊಣೆ ಹೊರುವುದಕ್ಕೆ," ಎಂದಳು ಇಂದುಮತಿ. "ಸತ್ತಿತು. ಹೊತ್ತೆ. ಅಂಚೆ ಓಣಿಯ ಆ ಡಬ್ಬಿಯನ್ನು ಕೇಳಿಕೊಂಡು ನಿಲ್ಲಬೇಕು ಎನ್ನುವ ನಿಯಮ ಯಾಕೆ ಬೇಕು, ಅಕ್ಕೋರೇ? ಅದಕ್ಕೆ ಏನು ಗೊತ್ತಿದೆ?"

ಅಕ್ಕೋರಿಗೆ ಮೊದಲು ಚುಚ್ಚಿದ್ದು 'ಸತ್ತಿತು' ಎಂಬ ಪದ. ಪಾಠದ ಮೊದಲ ವಾರದಲ್ಲೇ ಅವರು ಎರಡು ಪದಗಳನ್ನು ಬಾಯಿಪಾಠ ಮಾಡಿಸಿದ್ದರು. ಡೌನ್ ಎಂದರೆ ಅದು ನಿಂತಿದೆ. ಅನ್‌ರೀಚಬಲ್ ಎಂದರೆ ಅದು ನನಗೆ ಸಿಗುತ್ತಿಲ್ಲ. ಮೊದಲನೆಯದು ಅದರ ಸ್ಥಿತಿ, ಎರಡನೆಯದು ನನ್ನ ಸ್ಥಿತಿ. ಹುಡುಗಿಯರು ಕನ್ನಡದಲ್ಲಿ ಅರ್ಥ ಹೇಳುವವರೆಗೆ ಅವರು ಮುಂದಿನ ಪಾಠಕ್ಕೆ ಹೋಗಿರಲಿಲ್ಲ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಸ್ಪಷ್ಟವಾಗಿ ಒಪ್ಪಿಸಿದವಳು ಇದೇ ಇಂದುಮತಿ. ಬಾಯಿಗೆ ಬಂದದ್ದು ತಲೆಗೆ ಹೋಗಿರಲಿಲ್ಲ. ಇಷ್ಟು ವರ್ಷ ಪಾಠ ಹೇಳಿ ದಣಿದದ್ದು ಇದಕ್ಕೇ ಏನು ಎಂದು ಅವರಿಗೆ ಅನ್ನಿಸಿತು.

ಇಂದುಮತಿ ಮಾತು ನಿಲ್ಲಿಸಿರಲಿಲ್ಲ. ದಿಲ್‌ಶಾದ್ ಹೇಳಿಕೊಳ್ಳುತ್ತಿರುವುದನ್ನು ಅವಳು ನಗುತ್ತ ತಿಳಿಸಿದಳು. ನಾನೂ ಅದೇ ಹೊತ್ತಿನಲ್ಲಿ ಕೋಟೆಗೇ ಫೋನು ಮಾಡುತ್ತಿದ್ದೆ, ನನಗೂ ಎಂಗೇಜ್ ಬರುತ್ತಿತ್ತು ಎಂದು ಅವಳು ಹೇಳುತ್ತಿದ್ದಾಳಂತೆ. ನೆಪ ಹೇಳುವುದಕ್ಕೂ ಒಂದು ಅಂದ ಬೇಡವೇ ಎಂದು ಕೇಳಿದಳು. ತನ್ನ ಕಡೆಯಲ್ಲಂತೂ ಎಲ್ಲವೂ ಅಚ್ಚುಕಟ್ಟಾಗಿತ್ತು ಎಂದಳು. ಆ ದಿನ ಬೆಳಗ್ಗೆಯಷ್ಟೇ ಕೋಟೆಯ ಫೈರ್‌ವಾಲ್ ಬಿಗಿ ಮಾಡಿದ್ದಳಂತೆ, ಹೊರಗಿನ ಬೇಡದ ಸಂಕೇತ ಒಂದೂ ಒಳಗೆ ನುಸುಳದ ಹಾಗೆ.

ಅಕ್ಕೋರು ತಲೆ ಎತ್ತಿದರು. ಬೆಳಗ್ಗೆ ಇವಳು ತನ್ನ ಬಾಗಿಲು ಬಿಗಿ ಮಾಡಿದಳು. ಮಧ್ಯಾಹ್ನ ಇವಳಿಗೆ ಆ ಕಡೆಯ ಸಂಕೇತ ಸಿಗಲಿಲ್ಲ. ಎರಡನ್ನೂ ಇವಳ ಬಾಯಿಯೇ ಹೇಳಿತು, ಇವಳ ಕಿವಿಗೆ ಬೀಳಲಿಲ್ಲ.

ಅಕ್ಕೋರು ತಾವೇ ಸಭೆಗೆ ಹೋಗಿ ಹೇಳಬಹುದಿತ್ತು. ಹೇಳಿದ್ದರೆ ದಿಲ್‌ಶಾದಳ ಕೆಲಸ ಉಳಿಯುತ್ತಿತ್ತು. ಕೋಟೆಯ ಸರ್ವರ್ ಮಾತ್ರ ಇದೇ ಕಿವಿಯ ವಶದಲ್ಲಿ ಉಳಿಯುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನೇರವಾಗಿ ಹೇಳಿದರೆ ಇವಳು ವಾದಿಸುತ್ತಾಳೆ, ವಾದದಲ್ಲಿ ಮುತ್ತಜ್ಜ ಮತ್ತೆ ಬರುತ್ತಾರೆ.

"ಕುಳಿತುಕೋ," ಎಂದರು. "ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ."

ಹೇಳಿದರು.

ಒಂದು ಕಣಿವೆ ಇತ್ತು. ಮೇಲೆ ಒಂದು ಸೀಮೆ, ಕೆಳಗೆ ಒಂದು ಸೀಮೆ. ನಡುವೆ ಇಳಿಯುವುದಕ್ಕೂ ಏರುವುದಕ್ಕೂ ಒಂದೇ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ದಾರಿಯ ಅಗಲ ಒಂದು ಬಂಡಿಯ ಅಗಲ. ಎರಡು ಬಂಡಿ ಎದುರುಬದುರಾದರೆ ದಾಟುವಂತಿಲ್ಲ. ಇಳಿಜಾರಿನಲ್ಲಿ ಭಾರ ಹೊತ್ತ ಎತ್ತು ಹಿಂದಕ್ಕೆ ನಡೆಯುವುದೂ ಇಲ್ಲ.

ಆ ದಾರಿಯನ್ನು ಕಡಿಸಿದವನು ಒಬ್ಬ ವರ್ತಕ. ಅವನೇ ಅದಕ್ಕೆ ಕಟ್ಟಳೆ ಮಾಡಿದ. ಬಂಡಿಗಳನ್ನು ತಡೆದು ಬಿಡುವುದಕ್ಕೆ ಮೇಲೆ ಒಂದು ನಾಕೆ, ಕೆಳಗೆ ಒಂದು ನಾಕೆ ಇಟ್ಟ. ಎರಡು ಕಡೆಯೂ ದಾರಿಗೆ ಒಂದು ಅಡ್ಡಮರ, ಎರಡು ಕಡೆಯೂ ಒಬ್ಬೊಬ್ಬ ಕಾವಲಿನವನು. ಆದರೆ ಅಪ್ಪಣೆ ಮೇಲಿನವನದು. ಈಗ ಇಳಿಯುವ ಬಂಡಿಗಳ ಸರದಿಯೋ ಏರುವ ಬಂಡಿಗಳ ಸರದಿಯೋ ಎಂದು ಅವನೇ ಹೇಳಬೇಕು. ಹೇಳುವುದು ಕೊಂಬಿನಿಂದ. ಸರದಿ ಬದಲಾಗದಿದ್ದರೂ ಅವನು ಆಗಾಗ ಒಮ್ಮೆ ಕೊಂಬು ಊದುತ್ತಿರಬೇಕು. ಅದರ ಅರ್ಥ, ನಾನಿದ್ದೇನೆ.

ಕೊಂಬು ನಿಂತರೆ ಏನು ಮಾಡಬೇಕು? ವರ್ತಕ ಅದನ್ನೂ ಯೋಚಿಸಿದ್ದ. ಮೇಲಿನವನು ಸತ್ತಿರಬಹುದು, ಜ್ವರ ಬಂದು ಮಲಗಿರಬಹುದು. ದಾರಿ ಮುಚ್ಚಬಾರದು. ಆಗ ಅಪ್ಪಣೆ ಕೆಳಗಿನವನಿಗೆ ಬರಬೇಕು. ಆದರೆ ಬರುವುದಕ್ಕೆ ಮೊದಲು ಒಂದು ಕೆಲಸ ಇತ್ತು. ಕಣಿವೆಯ ನಡುವೆ ಚಾಚಿದ ಬಂಡೆಯ ಕೆಳಗೆ ಒಬ್ಬಳು ಮಜ್ಜಿಗೆ ಮಾರುತ್ತಿದ್ದಳು. ಅಲ್ಲಿಗೆ ಮೇಲಿನ ಸದ್ದೂ ಕೇಳಿಸುತ್ತಿತ್ತು, ಕೆಳಗಿನ ಸದ್ದೂ ಕೇಳಿಸುತ್ತಿತ್ತು. ಆಳು ಕಳಿಸಿ ಅವಳನ್ನು ಕೇಳಬೇಕು. ನನಗೂ ಕೊಂಬು ಕೇಳಿಸುತ್ತಿಲ್ಲ ಎಂದು ಅವಳು ಹೇಳಿದರೆ ಮಾತ್ರ ಕೆಳಗಿನವನು ಅಪ್ಪಣೆ ತೆಗೆದುಕೊಳ್ಳಬಹುದು.

ಮಜ್ಜಿಗೆಯವಳು ಜಾಣೆಯಲ್ಲ. ಬೆಳಗ್ಗೆ ಹೇಳಿದ್ದನ್ನು ಸಂಜೆಗೆ ಅಲ್ಲ ಎನ್ನುತ್ತಿದ್ದಳು. ಬಂಡಿಯವರ ಮನೆಯ ಜಗಳವನ್ನು ಇನ್ನೊಬ್ಬ ಬಂಡಿಯವನಿಗೆ ಹೇಳಿ ಹೊಸ ಜಗಳ ಹಚ್ಚುತ್ತಿದ್ದಳು. ಸರದಿ ಯಾರದು, ಬಂಡಿಯಲ್ಲಿ ಏನಿದೆ ಎಂಬುದು ಅವಳಿಗೆ ತಿಳಿದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ವರ್ತಕ ಅವಳನ್ನು ಆರಿಸಿದ್ದು ಅವಳ ಬುದ್ಧಿಗಲ್ಲ, ಅವಳು ಕೂತ ಜಾಗಕ್ಕೆ.

ಕೆಳಗಿನ ನಾಕೆ ಒಂದು ದೊಡ್ಡ ಮನೆತನದ ಕೈಯಲ್ಲಿತ್ತು. ಅಜ್ಜ, ತಂದೆ, ಈಗ ಮಗ. ದಾರಿಹೋಕರಿಗೆ ನೀರಿನ ತೊಟ್ಟಿ ಕಟ್ಟಿಸಿದವರು ಅವರೇ, ಎತ್ತುಗಳಿಗೆ ನೆರಳು ಮಾಡಿಸಿದವರೂ ಅವರೇ. ಅವರ ಮಾತಿಗೆ ಎದುರು ಮಾತು ಇರಲಿಲ್ಲ. ಮೇಲಿನ ನಾಕೆಯವನು ಹೊಸಬ. ಅವನ ಅಜ್ಜನ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಕೆಳಗಿನವನಿಗೆ ಮಾವನ ಮನೆಯಿಂದ ಒಂದು ಗಾಣ ಬಂತು. ಅಷ್ಟು ಚೆಂದದ ಗಾಣ ಆ ಸೀಮೆಯಲ್ಲಿ ಇರಲಿಲ್ಲ. ಹಿತ್ತಲಲ್ಲಿ ಇಟ್ಟರೆ ಯಾರು ನೋಡಬೇಕು? ಹೋಗಿ ಬರುವವರಿಗೆ ಕಾಣಲಿ ಎಂದು ಅವನು ಅದನ್ನು ನಾಕೆಯ ಪಕ್ಕದಲ್ಲೇ ಹೂಡಿಸಿದ. ಎತ್ತು ಸುತ್ತಿತು, ಮರ ಕಿರುಗುಟ್ಟಿತು. ಮೊದಲ ದಿನ ಹೆಂಡತಿ ತಲೆನೋವೆಂದಳು. ಕೆಲವು ದಿನ ಕಳೆದ ಮೇಲೆ ಹೇಳುವುದನ್ನು ಬಿಟ್ಟಳು. ಸದಾ ಇರುವ ಸದ್ದು ಸದ್ದಾಗಿ ಉಳಿಯುವುದಿಲ್ಲ. ಆ ಮನೆಯವರ ಕಿವಿಗೆ ಗಾಣದ ಕಿರುಗುಟ್ಟುವಿಕೆಯೇ ಮೌನವಾಯಿತು.

ಒಂದು ದಿನ ಬಂಡಿಗಳು ಕೆಳಗೆ ಸಾಲಾಗಿ ನಿಂತವು. ಮೇಲಿನಿಂದ ಕೊಂಬು ಕೇಳಿಸಲಿಲ್ಲ. ಕೆಳಗಿನವನು ಕಾದ. ಬಂಡಿಯವರು ಬೀಡಿ ಹಚ್ಚಿದರು, ಆರಿಸಿದರು, ಕೊನೆಗೆ ಅವರ ಬಾಯಿ ಸುಮ್ಮನಿರಲಿಲ್ಲ.

"ಮ್ಯಾಲಿನಾಂವ ಮಲಗ್ಯಾನೋ, ನೀವ ಮಲಗೀರೋ, ಧಣಿ?" ಎಂದ ಒಬ್ಬ. "ಯಾರರೆ ಒಬ್ಬರು ಏಳ್ರಿ. ಎತ್ತಿಗೆ ನಿದ್ದಿ ಬರಾಕತ್ತದ."

ಉಳಿದವರು ನಕ್ಕರು. ಆ ನಗೆ ಕೆಳಗಿನವನಿಗೆ ತಾಗಿತು. ಅವನ ತಂದೆಯ ಎದುರಿಗೆ ಯಾರೂ ಹೀಗೆ ನಕ್ಕಿರಲಿಲ್ಲ.

ಮಜ್ಜಿಗೆಯವಳನ್ನು ಕೇಳಿ ಬರಲೇ ಎಂದು ಮನೆಯ ಆಳು ವಿಚಾರಿಸಿದ. ಧಣಿ ಅವನನ್ನು ಗದರಿಸಿದ. ಈ ಮನೆತನದವರು ಮಜ್ಜಿಗೆ ಗಡಿಗೆಯ ಮುಂದೆ ಕೈ ಕಟ್ಟಿ ನಿಂತು, ತಾಯೀ, ಮೇಲಿನವನು ಇದ್ದಾನೋ ಸತ್ತಿದ್ದಾನೋ ಎಂದು ಕೇಳಬೇಕೇ ಎಂದ. ತನಗೂ ಕಿವಿ ಇವೆ ಎಂದ. ಎದ್ದು ಹೋಗಿ ಅಡ್ಡಮರ ಎತ್ತಿಸಿ, ಬಂಡಿಗಳನ್ನು ಏರಲು ಬಿಟ್ಟ.

ಮೇಲಿನವನು ಸತ್ತಿರಲಿಲ್ಲ. ಇಳಿಯುವ ಸರದಿ ಎಂದು ಊದಿದ್ದ, ಮತ್ತೆ ಮತ್ತೆ ಊದಿದ್ದ. ಕೆಳಗಿನ ಅಡ್ಡಮರ ಬಿದ್ದೇ ಇದೆ ಎಂದು ನಂಬಿ ತನ್ನ ಬಂಡಿಗಳನ್ನು ಬಿಟ್ಟಿದ್ದ.

ಬಂಡೆಯ ತಿರುವಿನಲ್ಲಿ ಎರಡು ಸಾಲುಗಳೂ ಮುಖಾಮುಖಿಯಾದವು. ಹಿಂದಕ್ಕೆ ಸರಿಯುವಂತಿಲ್ಲ, ಪಕ್ಕಕ್ಕೆ ಹೋಗುವಂತಿಲ್ಲ. ಹಿಂದಿನ ಬಂಡಿಗಳಿಗೆ ಮುಂದಿನದು ಕಾಣದೆ ಅವು ಒತ್ತಿಕೊಂಡು ಬಂದವು. ಮೊದಲ ಬಂಡಿಯ ಗಾಲಿ ಕಮರಿಯ ಅಂಚಿಗೆ ಜಾರಿತು. ಒಂದು ಎತ್ತು ಕೆಳಗೆ ಬಿತ್ತು. ಅದನ್ನು ಹಿಡಿಯಲು ಹೋದ ಬಂಡಿಯವನ ಕಾಲು ಮುರಿಯಿತು. ಮೂಟೆಗಳನ್ನು ತಲೆಹೊರೆಯಾಗಿ ಇಳಿಸಿ, ಬಂಡಿಗಳನ್ನು ಗಾಲಿ ಗಾಲಿಯಾಗಿ ಬಿಚ್ಚಿ ಹೊತ್ತು ದಾರಿ ತೆರವು ಮಾಡಬೇಕಾಯಿತು.

ಪಂಚಾಯಿತಿ ಕೂಡಿತು. ವರ್ತಕ ತೀರಿಕೊಂಡಿದ್ದ, ಅವನ ಮಕ್ಕಳು ಕೂತಿದ್ದರು. ಕೆಳಗಿನವನು ಎದ್ದು ನಿಂತು, ಮೇಲಿನವನು ಕೊಂಬು ಊದಲಿಲ್ಲ ಎಂದ. ಊದಲಿಲ್ಲ ಎಂದು ನಿಮಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಆ ಮನೆತನದವರನ್ನು ಹಾಗೆ ಕೇಳುವ ವಾಡಿಕೆ ಇರಲಿಲ್ಲ.

ಇಲ್ಲಿ ಇಂದುಮತಿ ಕುರ್ಚಿಯಲ್ಲಿ ಸ್ವಲ್ಪ ಅಲುಗಾಡಿದಳು. ಅಕ್ಕೋರು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಮೇಲಿನವನು ತಾನು ಊದಿದೆ ಎಂದ. ಊದಿ ಊದಿ ಒಡೆದ ತುಟಿಯನ್ನು ತೋರಿಸಿದ. ತುಟಿಯನ್ನು ಯಾರು ಬೇಕಾದರೂ ಕಚ್ಚಿಕೊಳ್ಳಬಹುದು ಎಂದರು ಕೂತವರು. ಆಗ ಹಿಂದಿನಿಂದ ಮಜ್ಜಿಗೆಯವಳು ಎದ್ದಳು.

"ಊದ್ಯಾನ್ರೀ," ಎಂದಳು. "ನಾ ಕೇಳೀನಿ. ಕಿವಿ ಕಿತ್ತು ಬರೂ ಹಂಗ ಊದಾಕತ್ತಿದ್ದ."

ನಿನ್ನನ್ನು ಕೇಳಿದವರು ಯಾರು ಎಂದು ವರ್ತಕನ ಹಿರಿಯ ಮಗ ಗದರಿಸಿದ.

"ಅವತ್ತ ಯಾರೂ ಕೇಳಲಿಲ್ಲ ನೋಡ್ರಿ," ಎಂದಳು ಅವಳು. "ಅದಕ್ಕ ಇವತ್ತ ಇಷ್ಟ ಮಂದಿ ಕುಂಡ್ರೂ ಹಂಗಾತು."

ಜನ ನಕ್ಕರು. ಅವಳು ನಗಿಸುವುದಕ್ಕೆ ಹೇಳಿದ್ದಲ್ಲ. ಆದರೆ ಅವಳ ಮಾತಿಗೆ ನಗುವುದು ರೂಢಿಯಾಗಿತ್ತು. ನಗೆ ಮುಗಿದ ಮೇಲೆ ಮೇಲಿನವನ ಕೈಯಿಂದ ಕೊಂಬು ಕಸಿದುಕೊಂಡು ಅವನನ್ನು ಕಳಿಸಿಬಿಟ್ಟರು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಾವ ಸೀಮೆಗೆ ಹೋದನೋ ಯಾರೂ ವಿಚಾರಿಸಲಿಲ್ಲ.

ಮೇಲಿನ ನಾಕೆಗೆ ಇನ್ನೊಬ್ಬ ಬಂದ. ಎದೆಗಟ್ಟಿ ಇದ್ದವನು, ಜೋರಾಗಿ ಊದಿದ. ಕೆಳಗೆ ಗಾಣ ಸುತ್ತುತ್ತಲೇ ಇತ್ತು. ಕೆಳಗಿನವನಿಗೆ ಕೇಳಿಸಲಿಲ್ಲ. ಇವನೂ ಅವನಂತೆಯೇ ಎಂದು ಅವನು ದೂರು ಕೊಟ್ಟ. ಇವನನ್ನೂ ತೆಗೆದರು. ಮತ್ತೊಬ್ಬ ಬಂದ. ಅವನು ದೂರು ಬರುವ ಮೊದಲೇ ಹೆದರಿ, ಅನ್ನ ನೀರು ಬಿಟ್ಟು ಊದಿದ. ಅವನ ಮೇಲೂ ದೂರು ಬಂತು. ಒಂದು ಮನೆತನ ಇಷ್ಟು ಜನರ ಮೇಲೆ ಇಷ್ಟು ಸಲ ದೂರು ಹೇಳಬೇಕಾಗಿ ಬಂತಲ್ಲ, ಎಂಥ ಕಾಲ ಬಂತು ಎಂದು ಊರು ಮರುಗಿತು. ಗಾಣದ ಕಡೆ ಯಾರೂ ತಿರುಗಿ ನೋಡಲಿಲ್ಲ. ನೋಡಿದವರು ಎಂಥ ಚೆಂದದ ಗಾಣ ಎಂದರು.

ಕಡೆಗೆ ಮೇಲಿನ ನಾಕೆಗೆ ಬರುವವರು ಇಲ್ಲವಾದರು. ಕಣಿವೆಯ ಮೇಲೆ ಕೊಂಬು ಊದಲು ಹೋದವನಿಗೆ ಹೆಸರು ಕೆಡುವುದೊಂದೇ ಗಳಿಕೆ ಎಂದು ಆ ಸೀಮೆಗೆಲ್ಲ ತಿಳಿಯಿತು. ಕೊಂಬು ಗೂಟಕ್ಕೆ ತೂಗಾಡಿತು. ಅಪ್ಪಣೆ ಇಲ್ಲದ ದಾರಿಗೆ ಬಂಡಿಗಳು ಬರಲು ಹೆದರಿದವು. ಅವು ಬೆಟ್ಟ ಬಳಸಿ ದೂರದ ದಾರಿ ಹಿಡಿದವು. ಕುಡಿಯುವವರಿಲ್ಲದ ಮೇಲೆ ಮಜ್ಜಿಗೆಯವಳೂ ಗಡಿಗೆ ಎತ್ತಿಕೊಂಡು ಹೋದಳು. ಕಣಿವೆಯ ದಾರಿಯಲ್ಲಿ ಹುಲ್ಲು ಬೆಳೆಯಿತು.

ಕೆಳಗಿನವನು ಮಾತ್ರ ತನ್ನ ಸ್ಥಾನ ಬಿಡಲಿಲ್ಲ. ಮನೆತನದ ಕೆಲಸ. ದಿನವೂ ರುಮಾಲು ಸುತ್ತಿಕೊಂಡು ಅಡ್ಡಮರದ ಪಕ್ಕದಲ್ಲಿ ಕೂರುತ್ತಿದ್ದ.

ಒಂದು ದಿನ ಗಾಣದ ನಡುವೆ ತಿರುಗುವ ಕಣೆ ಮುರಿಯಿತು. ಎತ್ತು ನಿಂತಿತು. ಅಲ್ಲಿ ಅದುವರೆಗೆ ಇರದ ಒಂದು ನಿಶ್ಶಬ್ದ ಬಂತು. ಎಲೆ ಬೀಳುವುದು ಕೇಳಿಸಿತು. ಒಳಗೆ ಹೆಂಡತಿ ಅಕ್ಕಿ ಕೇರುವುದು ಕೇಳಿಸಿತು. ಅವನು ಕತ್ತೆತ್ತಿ ಮೇಲಿನ ನಾಕೆಯ ಕಡೆಗೆ ಕಿವಿ ಇಟ್ಟ. ಬಹಳ ಹೊತ್ತು ಇಟ್ಟ. ಏನೂ ಕೇಳಿಸಲಿಲ್ಲ.

ಅವನಿಗೆ ಸಮಾಧಾನವಾಯಿತು. ಹೆಂಡತಿಯನ್ನು ಕರೆದು, "ನೋಡು," ಎಂದ. "ಮೇಲೆ ಯಾರೂ ಊದುತ್ತಿಲ್ಲ ಎಂದು ನಾನು ಮೊದಲಿನಿಂದಲೂ ಹೇಳುತ್ತಿರಲಿಲ್ಲವೇ?"

ಕತೆ ಅಲ್ಲಿಗೆ ಮುಗಿಯಿತು. ಅಕ್ಕೋರು ನೀರು ಕುಡಿದು ಲೋಟವನ್ನು ಅದರ ಜಾಗದಲ್ಲೇ ಇಟ್ಟರು.

ಇಂದುಮತಿ ಜಾಣೆ. ಗಾಣ ಯಾವುದು ಎಂಬುದು ಅವಳಿಗೆ ತಿಳಿಯಿತು. ಅದು ಅವಳ ಮುಖದಲ್ಲಿ ಕಂಡಿತು. ಬೆಳಗ್ಗೆ ಬಿಗಿ ಮಾಡಿದ ಬಾಗಿಲು ಅವಳಿಗೆ ನೆನಪಾಯಿತು. ಎರಡು ಕಟ್ಟಡಗಳ ಎರಡು ಫೋನುಗಳು ಒಂದನ್ನೊಂದು ಕರೆಯುತ್ತ ಒಂದಕ್ಕೊಂದು ಸಿಗದೆ ಹೋದದ್ದು ಹೇಗೆ ಎಂಬುದೂ ಈಗ ಹೊಳೆಯಿತು. ಅವಳ ಕೈ ಸೆರಗಿನ ಅಂಚನ್ನು ಹಿಡಿದು ಮಡಿಚಿತು, ಬಿಚ್ಚಿತು. ಅಕ್ಕೋರು ಕಾದರು. ಶಿಷ್ಯೆಗೆ ತಿಳಿದ ಕ್ಷಣವನ್ನು ನೋಡುವುದು ಅವರಿಗೆ ಯಾವಾಗಲೂ ಹಿತ. ಈ ಸಲ ಆ ಹಿತ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಂದುಮತಿಯ ಬೆನ್ನು ಮತ್ತೆ ನೆಟ್ಟಗಾಯಿತು, ಗಲ್ಲ ಮೇಲಕ್ಕೆ ಬಂತು. ತಿಳಿದದ್ದು ತಿಳಿದಿತ್ತು, ಆದರೆ ಅದನ್ನು ಸಭೆಯ ಎದುರಿಗೆ ಬಾಯಿ ಬಿಟ್ಟು ಹೇಳುವುದು ಆ ಮನೆಯಲ್ಲಿ ಯಾರೂ ಮಾಡದ ಕೆಲಸ. ಅವಳು ಬೇರೆ ದಾರಿ ಹುಡುಕಿದಳು. ಸಭೆಯಲ್ಲಿ ತಾನು ಏನನ್ನೂ ಹೇಳದೆ ಸುಮ್ಮನಿದ್ದುಬಿಟ್ಟರೆ ಸಾಕಾಗಬಹುದು, ವಿಷಯ ತಾನಾಗಿಯೇ ತಣ್ಣಗಾಗಬಹುದು ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ದಿಲ್‌ಶಾದಳಿಗೆ ಬೇರೆಲ್ಲಾದರೂ ಕೆಲಸ ಸಿಕ್ಕೀತು, ತಮ್ಮ ಮನೆಯವರೇ ಒಂದು ಮಾತು ಹೇಳಿ ಕೊಡಿಸಬಹುದು ಎಂದೂ ಸೇರಿಸಿದಳು.

ಅಕ್ಕೋರ ತಾಳ್ಮೆ ಅಲ್ಲಿಗೆ ತೀರಿತು. ಆದರೂ ದನಿ ಏರಿಸಲಿಲ್ಲ. ದನಿ ಏರಿಸುವುದು ಅವರ ಅಭ್ಯಾಸವಲ್ಲ.

ಇಂದುಮತಿ ಕಡೆಯದಾಗಿ ಒಂದು ಮಾತು ಹೇಳಿ ನೋಡಿದಳು.

"ಕೊನೆಯಲ್ಲಿ ಅವನು ಹೇಳಿದ್ದು ಸುಳ್ಳಲ್ಲವಲ್ಲ, ಅಕ್ಕೋ​ರೇ. ಮೇಲೆ ನಿಜವಾಗಿಯೂ ಯಾರೂ ಇರಲಿಲ್ಲ."

"ಕೆರೆಯಲ್ಲಿ ಕಾಯುವವರಿಲ್ಲ ಎಂಬ ನಿನ್ನ ಮಾತೂ ಹಾಗೆ ನಿಜವಾಗುವುದರೊಳಗೆ ಕೆರೆಯ ಕಟ್ಟಡಕ್ಕೆ ಹೋಗಿ ದಿಲ್‌ಶಾದಳ ಕ್ಷಮೆ ಕೇಳು."